ಉಪ್ಪಿನ ಋಣ

ಇವತ್ತು ರಾಜಕೀಯ ಬೇಡ. ಯಾರು ಯಾವ ಪಕ್ಷಕ್ಕೆ ಹೋದರು, ಯಾರು ಯಾರಿಗೆ ಏನಂದರು, ಅದೆಲ್ಲ ನಾಳೆಗೂ ಇರುತ್ತೆ. ಇವತ್ತು ಉಪ್ಪಿನ ಬಗ್ಗೆ ಮಾತಾಡೋಣ. ಹೌದು, ನಿಮ್ಮ ಅಡುಗೆಮನೆ ಡಬ್ಬಿಯಲ್ಲಿರೋ ಅದೇ ಉಪ್ಪು.

ಉಪ್ಪಿನ ಬಗ್ಗೆ ನಮ್ಮಲ್ಲಿ ಗಾದೆಗಳಿಗೆ ಕೊರತೆಯಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತೀವಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತೀವಿ. ನನಗೆ ಇವತ್ತು ಬೇಕಾಗಿರೋದು ಮೂರನೆಯದು: ಉಪ್ಪುಂಡ ಮನೆಗೆ ಎರಡು ಬಗೆಯಬಾರದು. ಯಾರ ಉಪ್ಪು ತಿಂದಿದ್ದೀವೋ ಅವರ ಋಣ ತೀರಿಸಬೇಕು, ಅಷ್ಟೇ ಇದರ ಅರ್ಥ. ಈ ಮಾತನ್ನು ಅಕ್ಷರಶಃ ಪಾಲಿಸಿದ ಒಂದು ವರ್ತಕರ ಸಂಘ ಲಂಡನ್ನಿನಲ್ಲಿದೆ. ಅದರ ಹೆಸರು ಸಾಲ್ಟರ್ಸ್ ಕಂಪನಿ. ಸಾಲ್ಟರ್ಸ್ ಅಂದ್ರೆ ಉಪ್ಪಿನ ವ್ಯಾಪಾರಿಗಳು.

ಕಂಪನಿ ಅಂದ ತಕ್ಷಣ ಷೇರು ಮಾರುಕಟ್ಟೆ ನೆನಪಿಸಿಕೊಳ್ಳಬೇಡಿ. ಇದು ಹಳೇ ಕಾಲದ ಕಸುಬಿನವರ ಸಂಘ. 1394ರಲ್ಲಿ ಎರಡನೇ ರಿಚರ್ಡ್ ದೊರೆಯಿಂದ ಇವರಿಗೆ ಪರವಾನಗಿ ಸಿಕ್ಕಿತು. ನಮ್ಮಲ್ಲಿ ಆಗ ವಿಜಯನಗರದ ಆಳ್ವಿಕೆ. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ, ಮೀನು ಕೆಡದಂತೆ ಉಳಿಯಬೇಕಾದರೆ ಉಪ್ಪೇ ಗತಿ. ಹಾಗಾಗಿ ಉಪ್ಪು ಮಾರುವವರು ಶ್ರೀಮಂತರಾದರು. ಉಪ್ಪಿನ ಜೊತೆಗೆ ಬಟ್ಟೆಗೆ ಬಣ್ಣ ಹಾಕುವ ಪದಾರ್ಥ, ಪೊಟ್ಯಾಶ್, ಇನ್ನಿತರ ರಾಸಾಯನಿಕಗಳ ವ್ಯಾಪಾರವನ್ನೂ ಮಾಡಿದರು. ಅಂದ್ರೆ ಕೆಮಿಸ್ಟ್ರಿ ಅನ್ನೋ ವಿಷಯ ಕಾಲೇಜಿಗೆ ಬರೋದಕ್ಕೆ ಶತಮಾನಗಳ ಮುಂಚೆಯೇ ಇವರು ಅದರಲ್ಲಿ ದುಡ್ಡು ಮಾಡಿಕೊಂಡಿದ್ದರು.

ಈಗ ನೇರವಾಗಿ ಮೊದಲ ಮಹಾಯುದ್ಧಕ್ಕೆ ಬನ್ನಿ. 1914. ಬ್ರಿಟನ್ನಿಗೆ ಯುದ್ಧ ಶುರುವಾದ ಮೇಲೆ ಒಂದು ವಿಷಯ ಗೊತ್ತಾಯಿತು. ಅವರ ಬಟ್ಟೆ ಗಿರಣಿಗಳಿಗೆ ಬೇಕಾದ ಬಣ್ಣದಲ್ಲಿ ಬಹುಪಾಲು ಬರುತ್ತಿದ್ದದ್ದು ಜರ್ಮನಿಯಿಂದ! ಯಾರ ಮೇಲೆ ಯುದ್ಧ ಹೂಡಿದ್ದಾರೋ ಅವರಿಂದಲೇ. ಇದರಲ್ಲಿ ಇನ್ನೂ ಒಂದು ವ್ಯಂಗ್ಯ ಇದೆ. ಪ್ರಯೋಗಾಲಯದಲ್ಲಿ ತಯಾರಾಗಿ ಮಾರುಕಟ್ಟೆ ಗೆದ್ದ ಮೊದಲ ಕೃತಕ ಬಣ್ಣ ಹುಟ್ಟಿದ್ದೇ ಲಂಡನ್ನಿನಲ್ಲಿ, 1856ರಲ್ಲಿ. ವಿಲಿಯಂ ಪರ್ಕಿನ್ ಅನ್ನೋ 18 ವರ್ಷದ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಕಂಡುಹಿಡಿದವರು ಇವರು, ಕೆಮಿಸ್ಟ್‌ಗಳನ್ನು ಸಾಲುಸಾಲಾಗಿ ತಯಾರು ಮಾಡಿ ಉದ್ಯಮ ಕಟ್ಟಿದವರು ಜರ್ಮನ್ನರು. ಯುದ್ಧ ಬಂದಾಗ ಲೆಕ್ಕ ಸಿಕ್ಕಿತು.

ಯುದ್ಧ ಮುಗಿದ ವರ್ಷ, 1918ರಲ್ಲಿ, ಈ ಉಪ್ಪಿನ ವ್ಯಾಪಾರಿಗಳ ಸಂಘ ಒಂದು ಕೆಲಸ ಮಾಡಿತು. ಸಾಲ್ಟರ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಸ್ಟ್ರಿಯಲ್ ಕೆಮಿಸ್ಟ್ರಿ ಅನ್ನೋ ದತ್ತಿ ಸಂಸ್ಥೆ ಹುಟ್ಟುಹಾಕಿತು. ಮೊದಲ ಉದ್ದೇಶ ಸರಳ. ಕೆಮಿಸ್ಟ್ರಿ ಓದುತ್ತಾ ಇದ್ದ ಹುಡುಗರು ಓದು ಬಿಟ್ಟು ಯುದ್ಧಕ್ಕೆ ಹೋಗಿದ್ದರಲ್ಲ, ಅವರು ಮತ್ತೆ ಓದು ಮುಂದುವರಿಸಲು ನೆರವು ಕೊಡೋದು.

ಇದು ಎಲ್ಲೋ ಲಂಡನ್ ಕಥೆ, ನಮಗೇನು ಅಂತ ಚಾನೆಲ್ ಬದಲಾಯಿಸಬೇಡಿ. ಅದೇ ಯುದ್ಧ ನಮ್ಮ ಮೈಸೂರಿಗೂ ಅದೇ ಪಾಠ ಕಲಿಸಿತು. ಅಲ್ಲಿಯವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಹರಾಜಾಗಿ ಹಡಗು ಹತ್ತಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿ ಎಣ್ಣೆ ತೆಗೆಯುತ್ತಿದ್ದರು. ಯುದ್ಧ ಶುರುವಾಯ್ತು, ವ್ಯಾಪಾರ ನಿಂತಿತು, ಗಂಧದ ಕೊರಡು ಇಲ್ಲೇ ಬಿತ್ತು. ಆಗ ನಮ್ಮ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿದ್ದ ಸಡ್‌ಬರೋ, ವಾಟ್ಸನ್ ಅನ್ನೋ ಇಬ್ಬರು ಕೆಮಿಸ್ಟ್‌ಗಳು ಇಲ್ಲೇ ಎಣ್ಣೆ ಇಳಿಸುವ ವಿಧಾನ ರೂಪಿಸಿಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಹಿಂದೆ ನಿಂತರು. 1916ರಲ್ಲಿ ಬೆಂಗಳೂರಿನಲ್ಲಿ ಕೆಲಸ ಶುರುವಾಯಿತು. ಸೋಪು ತಯಾರಿಕೆ ಕಲಿಯಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿದರು. ನಿಮ್ಮ ಬಚ್ಚಲುಮನೆಯ ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಇರೋದು ಈ ಕಥೆ.

ಅಂದ್ರೆ ಒಂದೇ ಯುದ್ಧ, ಎರಡು ಊರು, ಒಂದೇ ಪಾಠ. ನಿಮ್ಮ ನೆಲದಲ್ಲಿ ಗಂಧ ಇದ್ದರೆ ಸಾಲದು, ಉಪ್ಪು ಇದ್ದರೆ ಸಾಲದು, ಅದನ್ನು ಬೇರೊಂದಾಗಿ ಮಾಡಬಲ್ಲ ಮನುಷ್ಯ ಬೇಕು. ಆ ಮನುಷ್ಯ ಎಲ್ಲಿಂದ ಬರ್ತಾನೆ? ಎಲ್ಲೋ ಒಂದು ಶಾಲೆಯಿಂದ ಬರ್ತಾನೆ.

ಈ ಪ್ರಶ್ನೆಗೆ ಲಂಡನ್ನಿನ ಸಂಸ್ಥೆ ನಿಧಾನವಾಗಿ ಉತ್ತರ ಕಂಡುಕೊಂಡಿತು. ಮೊದಲು ಯುದ್ಧದಿಂದ ಬಂದವರು, ಆಮೇಲೆ ಕಾಲೇಜು ಹುಡುಗರು, ಆಮೇಲೆ ಶಾಲೆ. 1980ರ ದಶಕದಲ್ಲಿ ಯಾರ್ಕ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಪಾಠದ ಕ್ರಮವನ್ನೇ ಬದಲಿಸುವ ಕೋರ್ಸು ತಂದರು. ಮೊದಲು ಪರಮಾಣು, ಆಮೇಲೆ ಬಂಧ, ಆಮೇಲೆ ಸಮೀಕರಣ, ಕೊನೆಗೆ ಎಲ್ಲೋ ಒಂದು ಕಡೆ ‘ಉಪಯೋಗಗಳು’ ಅಂತ ನಾಲ್ಕು ಸಾಲು, ಇದು ಎಲ್ಲರಿಗೂ ಗೊತ್ತಿರೋ ಕ್ರಮ. ಅವರು ಉಲ್ಟಾ ಮಾಡಿದರು. ಬಟ್ಟೆ, ಊಟ, ಔಷಧಿ, ಪೆಟ್ರೋಲ್ ಇವುಗಳಿಂದ ಶುರು. ಇದು ಹೇಗೆ ಆಗುತ್ತೆ ಅಂತ ಮಗು ಕೇಳಿದಾಗ ಸಿದ್ಧಾಂತ ಬರಬೇಕು.

1991ರಿಂದ ‘ಸಾಲ್ಟರ್ಸ್ ಫೆಸ್ಟಿವಲ್ ಆಫ್ ಕೆಮಿಸ್ಟ್ರಿ’ ಶುರುವಾಯಿತು. ಕೆಮಿಸ್ಟ್ರಿ ಹಬ್ಬ. ವಯಸ್ಸು ಗಮನಿಸಿ: 11ರಿಂದ 13. ನಮ್ಮ ಲೆಕ್ಕದಲ್ಲಿ ಆರು, ಏಳು, ಎಂಟನೇ ಕ್ಲಾಸು. ಒಂದು ಶಾಲೆಯಿಂದ ನಾಲ್ಕು ಮಕ್ಕಳ ಒಂದು ತಂಡ. ಬ್ರಿಟನ್, ಐರ್ಲೆಂಡಿನ ಹತ್ತಾರು ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ದಿನ ಈ ಹಬ್ಬ ನಡೆಯುತ್ತಿತ್ತು. ಮಕ್ಕಳು ಕೋಟು, ಕನ್ನಡಕ ಹಾಕಿಕೊಂಡು ದೊಡ್ಡವರ ಲ್ಯಾಬಿಗೇ ಹೋಗ್ತಿದ್ದರು. ಬೆಳಗ್ಗೆ ಸಂಸ್ಥೆಯವರು ಕೊಡುವ ಸವಾಲು, ಮಧ್ಯಾಹ್ನ ಆ ವಿಶ್ವವಿದ್ಯಾಲಯದವರು ಕೊಡುವ ಸವಾಲು. ಸಂಜೆ ಮೇಷ್ಟ್ರೊಬ್ಬರು ಬಣ್ಣ, ಹೊಗೆ, ಸದ್ದು ಎಲ್ಲ ಇರೋ ಒಂದು ಪ್ರದರ್ಶನ ಕೊಡ್ತಿದ್ದರು. ಬಹುಮಾನ ಹಂಚ್ತಿದ್ದರು. ಇದಕ್ಕೆ ಶಾಲೆಯಿಂದ ಫೀಸು ತಗೊಳ್ತಿರಲಿಲ್ಲ.

ಬೆಳಗಿನ ಸವಾಲು ಎಷ್ಟೋ ಸಲ ಪತ್ತೇದಾರಿ ಕಥೆ ಆಗಿರುತ್ತಿತ್ತು. ಒಂದು ಕೊಲೆಯಾಗಿದೆ. ಅನುಮಾನ ಇರೋ ಒಬ್ಬೊಬ್ಬರ ಹತ್ತಿರ ಒಂದೊಂದು ಪದಾರ್ಥ ಸಿಕ್ಕಿದೆ. ಯಾವ ಬಾಟಲಿಯಲ್ಲಿ ಏನಿದೆ ಅಂತ ಪರೀಕ್ಷೆ ಮಾಡಿ, ಸಾಕ್ಷ್ಯ ಸೇರಿಸಿ, ಅಪರಾಧಿ ಯಾರು ಅಂತ ಹೇಳಬೇಕು. ಅಂದ್ರೆ ಆ ಹನ್ನೆರಡು ವರ್ಷದ ಮಗುವಿನ ಕೈಗೆ ಒಂದು ಬಾಟಲಿ ಕೊಟ್ಟು, ‘ಇದರಲ್ಲಿ ಏನಿದೆ ಗೊತ್ತಿಲ್ಲ, ನೀನೇ ಹೇಳು’ ಅಂತಿದ್ದರು.

ಈ ಬಾಟಲಿಯನ್ನು ನೆನಪಿಟ್ಟುಕೊಳ್ಳಿ. ನಾನು ಇವತ್ತು ಹೇಳಬೇಕಾದ ಮಾತು ಈ ಬಾಟಲಿಯೊಳಗಿದೆ.

ನಮ್ಮಲ್ಲೂ ಇದೇ ಬಾಟಲಿ ಇದೆ. ಪಿಯುಸಿ ಸೈನ್ಸ್ ಮಾಡಿದವರಿಗೆಲ್ಲ ಗೊತ್ತು: ಸಾಲ್ಟ್ ಅನಾಲಿಸಿಸ್! ಆ ಹೆಸರು ಕೇಳಿದರೆ ಈಗಲೂ ಕೆಲವರ ಅಂಗೈ ಬೆವರುತ್ತೆ. ಒಂದು ಚಿಟಿಕೆ ಉಪ್ಪು ಕೊಡ್ತಾರೆ, ಅಂದ್ರೆ ಲವಣ. ಅದರಲ್ಲಿ ಏನೇನಿದೆ ಕಂಡುಹಿಡೀಬೇಕು. ಜ್ವಾಲೆಗೆ ಹಿಡಿದರೆ ಸೋಡಿಯಂ ಚಿನ್ನದ ಹಳದಿ, ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ತಾಮ್ರ ಹಸಿರು. ಸಿಲ್ವರ್ ನೈಟ್ರೇಟ್ ಹಾಕಿದಾಗ ಮೊಸರಿನಂಥ ಬಿಳಿ ಬಂದರೆ ಕ್ಲೋರೈಡ್. ಕಂದು ಉಂಗುರ ಬಂದರೆ ನೈಟ್ರೇಟ್. ಕೊಳೆತ ಮೊಟ್ಟೆ ವಾಸನೆ ಬಂದರೆ ಸಲ್ಫೈಡ್. ಯೋಚನೆ ಮಾಡಿ, ಎಷ್ಟು ಚಂದದ ಆಟ ಇದು! ಲಂಡನ್ನಿನ ಮಕ್ಕಳು ಆಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಆದರೆ ನಮ್ಮಲ್ಲಿ ಇದು ಆಟ ಆಗಲಿಲ್ಲ. ಯಾಕೆ? ಬಾಟಲಿಯೊಳಗೆ ಏನಿದೆ ಅಂತ ಮೊದಲೇ ಗೊತ್ತಿರುತ್ತೆ. ನಾನು ಓದಿದ ಕಡೆ ಪ್ರಾಕ್ಟಿಕಲ್ ಪರೀಕ್ಷೆಗೆ ವಾರ ಇರುವಾಗಲೇ ಕಾರಿಡಾರಿನಲ್ಲಿ ಪಟ್ಟಿ ಓಡಾಡ್ತಿತ್ತು. ಬಿಳಿ ಪುಡಿ ಬಂದರೆ ಇದು, ನೀಲಿ ಹರಳು ಬಂದರೆ ಅದು. ಉತ್ತರ ಮೊದಲು ಬರೆದು ಅದಕ್ಕೆ ತಕ್ಕ ಹಾಗೆ ಪ್ರಯೋಗದ ಹಂತಗಳನ್ನು ಹಿಂದಿನಿಂದ ಮುಂದಕ್ಕೆ ತುಂಬಿಸೋ ಕಲೆ ನಮ್ಮ ರಾಜ್ಯದ ಬಹಳ ಜನಕ್ಕೆ ಬರುತ್ತೆ. ರೆಕಾರ್ಡ್ ಬುಕ್ ಸೀನಿಯರ್ ಕಡೆಯಿಂದ ಜೂನಿಯರ್ ಕಡೆಗೆ ಹರಿಯೋ ನದಿ. ಇದಕ್ಕೆ ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಕಂಡುಹಿಡಿದದ್ದಕ್ಕೆ ಅಂಕ ಇಲ್ಲ, ಸರಿಯಾದ ಹೆಸರು ಬರೆದದ್ದಕ್ಕೆ ಅಂಕ ಇದೆ ಅಂದ ಮೇಲೆ ಅವರು ಬೇರೇನು ಮಾಡಬೇಕು?

ಆಮೇಲೆ ಸಿಇಟಿ. ಕೆಮಿಸ್ಟ್ರಿ ಅಂದ್ರೆ 60 ಪ್ರಶ್ನೆ, 60 ಅಂಕ. ಡಾಕ್ಟರ್ ಆಗೋರಿಗೆ ನೀಟ್. ಅಲ್ಲಿ 45 ಪ್ರಶ್ನೆ, 180 ಅಂಕ. ನೀವು ಎಂಜಿನಿಯರಿಂಗ್ ಸೇರಿದರೆ ಮೊದಲ ವರ್ಷ ಒಂದು ಸೆಮಿಸ್ಟರ್ ಫಿಸಿಕ್ಸ್ ಸೈಕಲ್, ಒಂದು ಸೆಮಿಸ್ಟರ್ ಕೆಮಿಸ್ಟ್ರಿ ಸೈಕಲ್. ನಾನೂ ಎಂಜಿನಿಯರಿಂಗ್ ಓದಿದವನು. ನಮ್ಮ ಹಾಸ್ಟೆಲ್‌ನಲ್ಲಿ ಆ ಪೇಪರ್ ಮುಗಿದ ರಾತ್ರಿ ಒಂದೇ ಘೋಷಣೆ: ‘ಇನ್ನು ಜೀವನದಲ್ಲಿ ಕೆಮಿಸ್ಟ್ರಿ ಇಲ್ಲ!’ ಲಕ್ಷಾಂತರ ಮಕ್ಕಳು ಕೆಮಿಸ್ಟ್ರಿ ಓದ್ತಾರೆ. ಅದರಲ್ಲಿ ಬಹುಪಾಲು ಮಂದಿಗೆ ಅದು ಬೇರೆ ಊರಿಗೆ ಹೋಗೋ ದಾರಿಯಲ್ಲಿ ಸಿಗೋ ಟೋಲ್ ಗೇಟು. ಕಟ್ಟಿದರು, ಮುಂದೆ ಹೋದರು. ಟೋಲ್ ಗೇಟಿನಲ್ಲಿ ಯಾರು ತಾನೆ ಇಳಿದು ಮನೆ ಕಟ್ತಾರೆ?

ಒಂದು ಸಲ ಪಿಯುಸಿ ಫಲಿತಾಂಶದ ದಿನ ನಮ್ಮ ಫೋನ್-ಇನ್ ಕಾರ್ಯಕ್ರಮ ನಡೀತಿತ್ತು. ಒಬ್ಬ ಹುಡುಗಿ ಫೋನ್ ಮಾಡಿದಳು. ಒಳ್ಳೆ ಮಾರ್ಕ್ಸ್. ‘ಸಾರ್, ನನಗೆ ಕೆಮಿಸ್ಟ್ರಿ ಇಷ್ಟ, ಬಿಎಸ್ಸಿ ಮಾಡಬೇಕು’ ಅಂದಳು. ಮಾತು ಮುಗಿಯೋದರೊಳಗೆ ಫೋನು ಅಪ್ಪನ ಕೈಗೆ ಹೋಯಿತು. ‘ಸಾರ್, ನೀವಾದರೂ ಬುದ್ಧಿ ಹೇಳಿ. ರ‍್ಯಾಂಕ್ ಬಂದಿದೆ. ಬಿಎಸ್ಸಿ ಮಾಡಿ ಏನು ಮಾಡ್ತಾಳೆ?’ ಅಂದರು. ಆ ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಆ ಭಯವನ್ನು ಆಡಿಕೊಳ್ಳೋ ಹಕ್ಕು ಸ್ಟುಡಿಯೋದ ಏಸಿಯಲ್ಲಿ ಕೂತ ನನಗಿಲ್ಲ. ಮನೆಗೆ ಒಂದೇ ಮಗು, ಕೈಯಲ್ಲಿ ಒಂದೇ ಅವಕಾಶ, ಸಾಲ ಬೇರೆ. ಲೆಕ್ಕ ಹಾಕಲೇಬೇಕು.

ಆದರೆ ನಾನು ಆ ಅಪ್ಪನಿಗೆ ಅವತ್ತು ಕೇಳಿದ್ದು ಒಂದೇ ಪ್ರಶ್ನೆ. ‘ಸಾರ್, ನೀವು ಯಾವತ್ತಾದರೂ ಒಬ್ಬ ಕೆಮಿಸ್ಟ್‌ನ ನೋಡಿದ್ದೀರಾ?’ ಅವರು ಹೇಳಿದರು, ‘ನಮ್ಮ ಬೀದಿ ಮೆಡಿಕಲ್ ಶಾಪಿನವರು ಇದ್ದಾರಲ್ಲ.’ ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ಆಮೇಲೆ ಯೋಚನೆ ಮಾಡಿದರೆ ಅದು ನಗೋ ವಿಷಯ ಅಲ್ಲ. ಎಂಜಿನಿಯರ್ ಹೇಗಿರ್ತಾನೆ ಅಂತ ನಮಗೆ ಗೊತ್ತು, ಪಕ್ಕದ ಮನೆಯಲ್ಲಿದ್ದಾನೆ. ಡಾಕ್ಟರ್ ಗೊತ್ತು. ಕೆಮಿಸ್ಟ್ ಮಾತ್ರ ಎಲ್ಲೂ ಕಾಣಲ್ಲ. ನೀವು ಕುಡಿದ ನೀರಿನ ಕ್ಲೋರಿನ್ ಅಳತೆ ಮಾಡಿದವರು, ಅಮ್ಮನ ಬಿಪಿ ಮಾತ್ರೆಯ ಒಂದೊಂದು ಬ್ಯಾಚನ್ನೂ ಪರೀಕ್ಷಿಸಿ ಸಹಿ ಹಾಕಿದವರು, ಹೊಲದ ಮಣ್ಣಿನಲ್ಲಿ ಏನು ಕಡಿಮೆ ಇದೆ ಅಂತ ವರದಿ ಕೊಟ್ಟವರು, ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯೊಳಗೆ ಯಾವ ಪದಾರ್ಥ ಇರಬೇಕು ಅಂತ ತಲೆ ಕೆಡಿಸಿಕೊಂಡಿರೋರು, ಇವರೆಲ್ಲ ಕೆಮಿಸ್ಟ್ರಿ ಓದಿದವರು. ಕಾಣದ ಕೆಲಸಕ್ಕೆ ಮಗಳನ್ನು ಕಳಿಸು ಅಂದ್ರೆ ಯಾವ ಅಪ್ಪ ಒಪ್ತಾನೆ?

ಇಲ್ಲಿದೆ ದತ್ತಿ ಸಂಸ್ಥೆಗಳ ಕೆಲಸ. ಟ್ಯೂಷನ್ ಕೊಡೋರು ಬೇಕಾದಷ್ಟಿದ್ದಾರೆ. ಕಾಣಿಸೋರು, ಕೈಗೆ ಕೊಡೋರು ಬೇಕು.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ. ಒಂದು ದಿನ ಲ್ಯಾಬಿಗೆ ಕರ್ಕೊಂಡು ಹೋಗಿ ಬಣ್ಣ ತೋರಿಸಿದರೆ ವಿಜ್ಞಾನಿ ಆಗ್ಬಿಡ್ತಾರಾ? ನ್ಯಾಯವಾದ ಪ್ರಶ್ನೆ. ಇದಕ್ಕೆ ಚರಿತ್ರೆಯಲ್ಲಿ ಒಂದು ಉತ್ತರ ಇದೆ. ಲಂಡನ್ನಿನಲ್ಲೇ, ಕಮ್ಮಾರನ ಮಗ ಒಬ್ಬ, ಪುಸ್ತಕಕ್ಕೆ ರಟ್ಟು ಕಟ್ಟೋ ಅಂಗಡಿಯಲ್ಲಿ ಕೆಲಸ ಕಲೀತಿದ್ದ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಕೊಡುವ ಕೆಮಿಸ್ಟ್ರಿ ಉಪನ್ಯಾಸಗಳ ಟಿಕೆಟ್ ಕೊಟ್ಟರು. ಹುಡುಗ ಹೋದ, ಕೇಳಿದ, ಬರೆದುಕೊಂಡ, ಟಿಪ್ಪಣಿಗೆ ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಮರುವರ್ಷ ಡೇವಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅವನೇ ಮೈಕೇಲ್ ಫ್ಯಾರಡೆ. ಬೆಂಜೀನ್ ಕಂಡುಹಿಡಿದವನು, ಡೈನಮೋದ ಹಿಂದಿನ ತತ್ವ ಕಂಡುಹಿಡಿದವನು.

ಫ್ಯಾರಡೆ ಈ ಟಿಕೆಟ್ಟಿನ ಋಣ ಮರೆಯಲಿಲ್ಲ. 1825ರಲ್ಲಿ ಅದೇ ಸಂಸ್ಥೆಯಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದದ್ದು ಅವನ ಉತ್ಸಾಹದಿಂದ. ತಾನೇ 19 ವರ್ಷ ಆ ಉಪನ್ಯಾಸಗಳನ್ನು ಕೊಟ್ಟ. ಒಂದು ಸಾದಾ ಮೇಣದ ಬತ್ತಿ ಹಚ್ಚಿಟ್ಟು, ಅದು ಯಾಕೆ ಉರಿಯುತ್ತೆ, ಉರಿದಾಗ ಏನಾಗುತ್ತೆ, ಹೊಗೆ ಏನು, ನೀರು ಎಲ್ಲಿಂದ ಬಂತು ಅಂತ ದಿನಗಟ್ಟಲೆ ಮಕ್ಕಳಿಗೆ ಹೇಳಿದ. ಆ ಉಪನ್ಯಾಸಗಳು ಈಗಲೂ ನಡೀತಿವೆ, ಈಗ ಟಿವಿಯಲ್ಲೂ ಬರ್ತವೆ. ಟಿವಿಯವನಾಗಿ ನನಗೆ ಈ ಮಾತು ಚುಚ್ಚುತ್ತೆ. ಒಂದು ದೇಶದ ಟಿವಿ ಹಬ್ಬದ ದಿನಗಳಲ್ಲಿ ಮಕ್ಕಳಿಗೆ ವಿಜ್ಞಾನದ ಪ್ರಯೋಗ ತೋರಿಸುತ್ತೆ. ನಮ್ಮ ಟಿವಿಗಳು ಹಬ್ಬದ ದಿನ ಏನು ತೋರಿಸ್ತವೆ ಅಂತ ನಾನು ಹೇಳೋದು ಬೇಡ, ನೀವು ನೋಡ್ತಿದ್ದೀರಿ.

ಹಾಗಂತ ಒಂದು ಟಿಕೆಟ್ಟು ಕೊಟ್ಟ ಎಲ್ಲರೂ ಫ್ಯಾರಡೆ ಆಗಲ್ಲ. ಆಗಬೇಕಾಗೂ ಇಲ್ಲ. ನೂರು ಮಕ್ಕಳಲ್ಲಿ ತೊಂಬತ್ತೈದು ಮಕ್ಕಳು ಮನೆಗೆ ಹೋಗಿ, ಕೆಮಿಸ್ಟ್ರಿ ಅಂದ್ರೆ ಬಾಯಿಪಾಠ ಮಾತ್ರ ಅಲ್ಲ ಅಂತ ತಿಳಿದುಕೊಂಡರೂ ಲಾಭವೇ. ಆದರೆ ಒಂದು ಎಚ್ಚರಿಕೆ. ವೇದಿಕೆ ಮೇಲೆ ಒಬ್ಬರು ನಿಂತು ನೊರೆ ಉಕ್ಕಿಸಿ, ಬೆಂಕಿ ಹಾರಿಸಿ, ಮಕ್ಕಳು ಚಪ್ಪಾಳೆ ತಟ್ಟಿದರೆ ಅದು ಮ್ಯಾಜಿಕ್ ಶೋ. ಮ್ಯಾಜಿಕ್ ನೋಡಿದ ಮಗು ಮನೆಗೆ ಹೋಗಿ ‘ಅವರು ಎಷ್ಟು ಬುದ್ಧಿವಂತರು’ ಅನ್ನುತ್ತೆ. ಸ್ವಂತ ಕೈಯಿಂದ ಪರೀಕ್ಷೆ ಮಾಡಿದ ಮಗು ‘ನಾನೇ ಕಂಡುಹಿಡಿದೆ’ ಅನ್ನುತ್ತೆ. ಸಾಲ್ಟರ್ಸ್ ಹಬ್ಬದಲ್ಲಿ ಪ್ರದರ್ಶನ ಸಂಜೆಗೆ ಇಟ್ಟು ಬೆಳಗ್ಗೆ ಮತ್ತು ಮಧ್ಯಾಹ್ನ ಎರಡೂ ಹೊತ್ತು ಮಕ್ಕಳ ಕೈಗೆ ಕೊಟ್ಟಿದ್ದಾರಲ್ಲ, ಅದರಲ್ಲಿ ನಮಗೆ ಪಾಠ ಇದೆ.

ಹಾಗಾದರೆ ನಮ್ಮಲ್ಲಿ ಯಾರೂ ಏನೂ ಮಾಡ್ತಿಲ್ಲವಾ? ಖಂಡಿತ ಮಾಡ್ತಿದ್ದಾರೆ. ಸಿ. ಎನ್. ಆರ್. ರಾವ್ ನಮ್ಮವರು. ಬೆಂಗಳೂರಿನಲ್ಲಿ ಹುಟ್ಟಿ, ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದವರು. ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ. ಆ ಅಪ್ಪ ಹೆದರಿದರಲ್ಲ, ಅದೇ ಬಿಎಸ್ಸಿ! ಅದು ಭಾರತ ರತ್ನದವರೆಗೆ ಹೋಯಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರವನ್ನು 1989ರಲ್ಲಿ ಕಟ್ಟಿದ ಮೇಲೂ ಅವರು, ಅವರ ಪತ್ನಿ ಇಂದುಮತಿ ರಾವ್ ಶಾಲಾ ಮಕ್ಕಳಿಗಾಗಿ ಪುಸ್ತಕ ಬರೆದರು, ಪಾಠದ ಸಾಮಗ್ರಿ ತಯಾರಿಸಿದರು, ಊರೂರಿಗೆ ಹೋಗಿ ಮಕ್ಕಳ ಮುಂದೆ ಮಾತಾಡಿದರು.

ಕೋಲಾರದ ಗಡಿ ದಾಟಿದರೆ ಕುಪ್ಪಂ. ಅಲ್ಲಿ 1999ರಲ್ಲಿ ಶುರುವಾದ ಅಗಸ್ತ್ಯ ಫೌಂಡೇಶನ್ ವ್ಯಾನಿನಲ್ಲಿ ಪ್ರಯೋಗದ ಸಾಮಾನು ತುಂಬಿಕೊಂಡು ಹಳ್ಳಿ ಶಾಲೆಗಳಿಗೆ ಹೋಗುತ್ತೆ. ನಮ್ಮ ಕರ್ನಾಟಕದ ಹಳ್ಳಿಗಳಿಗೂ ಬರುತ್ತೆ. ಲ್ಯಾಬು ಇರೋ ಕಡೆ ಮಗು ಹೋಗೋಕೆ ಆಗದಿದ್ದರೆ ಮಗು ಇರೋ ಕಡೆ ಲ್ಯಾಬು ಬರಲಿ ಅನ್ನೋ ಸರಳ ವಿಚಾರ.

ಇನ್ನೊಬ್ಬರು ಸಿಪ್ಲಾದ ಯೂಸುಫ್ ಹಮೀದ್. ಸ್ವತಃ ಕೇಂಬ್ರಿಡ್ಜ್‌ನಲ್ಲಿ ಕೆಮಿಸ್ಟ್ರಿ ಓದಿದವರು. 2001ರಲ್ಲಿ ಏಡ್ಸ್ ಔಷಧಿಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡ್ತೀವಿ ಅಂತ ಹೇಳಿ ಜಗತ್ತಿನ ದೊಡ್ಡ ಕಂಪನಿಗಳನ್ನು ನಡುಗಿಸಿದವರು. ಅವರು ಲಂಡನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಗೆ ಹಣ ಕೊಟ್ಟು, ಭಾರತದ ಶಾಲಾ ಮಕ್ಕಳಿಗೆ ಕೆಮಿಸ್ಟ್ರಿ ಕ್ಯಾಂಪ್, ಶಿಕ್ಷಕರಿಗೆ ತರಬೇತಿ ನಡೆಯೋ ಹಾಗೆ ಮಾಡಿದರು. ಕೆಮಿಸ್ಟ್ರಿಯಿಂದ ಬಂದ ದುಡ್ಡು ಕೆಮಿಸ್ಟ್ರಿ ಕಲಿಯೋ ಮಗುವಿಗೆ ವಾಪಸು. ಇದಕ್ಕೇ ನಾನು ಉಪ್ಪಿನ ಋಣ ಅಂದದ್ದು.

ಈಗ ನನ್ನ ಪ್ರಶ್ನೆ ಉಳಿದವರಿಗೆ. ಕರ್ನಾಟಕದಲ್ಲಿ ಕೆಮಿಸ್ಟ್ರಿಯ ಉಪ್ಪು ತಿಂದವರು ಕಡಿಮೆ ಇದ್ದಾರಾ? ಬೆಂಗಳೂರಿನ ಸುತ್ತ ಔಷಧಿ ಕಂಪನಿಗಳಿವೆ. ಮಂಗಳೂರಿನ ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆ ಇದೆ. ಕಾರವಾರದ ಬಿಣಗಾದಲ್ಲಿ ಉಪ್ಪುನೀರಿಗೆ ಕರೆಂಟು ಹರಿಸಿ ಕಾಸ್ಟಿಕ್ ಸೋಡಾ, ಕ್ಲೋರಿನ್ ತೆಗೆಯೋ ಕಾರ್ಖಾನೆ ಇದೆ. ಆ ಕರೆಂಟಿನ ಲೆಕ್ಕ ಹೇಳೋ ನಿಯಮಗಳಿಗೆ ಅದೇ ಫ್ಯಾರಡೆಯ ಹೆಸರು! ಪಕ್ಕದ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿವೆ. ಆ ತಾಲ್ಲೂಕುಗಳ ಸರ್ಕಾರಿ ಶಾಲೆಯ ಮಗು ಉಪ್ಪಿನ ಗದ್ದೆಯನ್ನೂ ನೋಡಿರುತ್ತೆ, ಕಾರ್ಖಾನೆಯ ಚಿಮಣಿಯನ್ನೂ ನೋಡಿರುತ್ತೆ. ಈ ಉಪ್ಪಿಗೂ ಆ ಚಿಮಣಿಗೂ ಇರೋ ಸಂಬಂಧವನ್ನು ಅದಕ್ಕೆ ಒಂದು ದಿನ ಒಳಗೆ ಕರೆದು ತೋರಿಸೋಕೆ ಎಷ್ಟು ಖರ್ಚಾಗುತ್ತೆ ಸ್ವಾಮಿ?

2013ರ ಕಂಪನಿ ಕಾಯ್ದೆ ಇದೆ. 500 ಕೋಟಿ ನಿವ್ವಳ ಸಂಪತ್ತು, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರೋ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ಶಾಲೆಗೆ ಬೆಂಚು ಕೊಟ್ಟು, ಬೆಂಚಿನ ಬೆನ್ನಿಗೆ ಕಂಪನಿ ಹೆಸರು ಬರೆಸೋದು ಸುಲಭ. ಅದು ಬೇಕು, ಬೇಡ ಅನ್ನಲ್ಲ. ಜೊತೆಗೆ ನಿಮ್ಮ ಕಂಪನಿಯ ಒಬ್ಬ ಕೆಮಿಸ್ಟ್‌ನನ್ನು ವರ್ಷಕ್ಕೆ ನಾಲ್ಕು ದಿನ ಪಕ್ಕದ ಶಾಲೆಗೆ ಕಳಿಸಿ. ಮಕ್ಕಳಿಗೆ ಉತ್ತರ ಗೊತ್ತಿಲ್ಲದ ಒಂದು ಬಾಟಲಿ ಕೊಡಲಿ. ಅಪಾಯ ಇಲ್ಲದ ಪದಾರ್ಥ, ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಮೇಷ್ಟ್ರು. ಆ ಹುಡುಗಿಯ ಅಪ್ಪನಿಗೂ ಒಬ್ಬ ಕೆಮಿಸ್ಟ್ ಕಣ್ಣಿಗೆ ಬೀಳಲಿ.

ಸರ್ಕಾರಕ್ಕೂ ಒಂದು ಮಾತು. ದತ್ತಿ ಸಂಸ್ಥೆ ಬಂತು ಅಂತ ನೀವು ಕೈ ತೊಳೆದುಕೊಳ್ಳೋ ಹಾಗಿಲ್ಲ. ಹಬ್ಬ ವರ್ಷಕ್ಕೊಂದು ದಿನ, ಊಟ ದಿನಾ ಬೇಕು. ವ್ಯಾನು ಬಂದು ಹೋದ ಮಾರನೇ ದಿನ ಶಾಲೆಯ ಲ್ಯಾಬಿನ ಬೀರುವಿಗೆ ಬೀಗ ಇದ್ದರೆ, ಬೀಗದ ಕೈ ವರ್ಗವಾಗಿ ಹೋದ ಮೇಷ್ಟ್ರ ಹತ್ತಿರ ಇದ್ದರೆ, ಆ ಮಗುವಿನ ಕುತೂಹಲಕ್ಕೆ ಆಯಸ್ಸು ಒಂದು ವಾರ. ಟೆಸ್ಟ್ ಟ್ಯೂಬ್ ಒಡೆದರೆ ಲೆಕ್ಕ ಕೇಳ್ತಾರೆ ಅಂತ ಹೆದರಿ ಬೀರು ತೆಗೆಯದ ಶಿಕ್ಷಕರು ಎಷ್ಟು ಶಾಲೆಗಳಲ್ಲಿದ್ದಾರೋ! ಒಡೆದ ಗಾಜಿಗೆ ಲೆಕ್ಕ ಕೇಳೋ ಇಲಾಖೆ, ಇಡೀ ವರ್ಷ ಒಂದು ಗಾಜೂ ಒಡೆಯದ ಶಾಲೆಗೆ ‘ಯಾಕೆ ಒಡೆದಿಲ್ಲ?’ ಅಂತ ನೋಟಿಸ್ ಕೊಡಬೇಕು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹೆಸರು ತಪ್ಪಾದರೂ ಸರಿಯಾಗಿ ಹುಡುಕಿದ ಮಗುವಿಗೆ ಅಂಕ ಸಿಗಬೇಕು. ಇದಕ್ಕೆ ಕೋಟಿ ರೂಪಾಯಿ ಬೇಡ, ಒಂದು ಸುತ್ತೋಲೆ ಸಾಕು.

ಕೊನೆಗೆ ಮನೆಯವರಿಗೆ. ಮದುವೆ ಮನೆಯಲ್ಲಿ ಮದುಮಕ್ಕಳಿಗೆ ಆರತಿ ಎತ್ತುವಾಗ ತಟ್ಟೆಯಲ್ಲಿ ಕೆಂಪು ನೀರು ಇರುತ್ತಲ್ಲ, ಅದರಲ್ಲಿ ಕೆಂಪು ಬಣ್ಣ ಯಾರೂ ಹಾಕಿರಲ್ಲ. ಅರಿಶಿನದ ನೀರಿಗೆ ಒಂದಿಷ್ಟು ಸುಣ್ಣ ಹಾಕಿದ್ದಾರೆ ಅಷ್ಟೇ. ಹಳದಿಗೆ ಬಿಳಿ ಸೇರಿದರೆ ಕೆಂಪು ಯಾಕೆ ಬಂತು? ನಮ್ಮ ಅಜ್ಜಿಯರು ಕಾಲಾಂತರದಿಂದ ಮಾಡಿಕೊಂಡು ಬಂದ ಪ್ರಯೋಗ ಇದು. ಈ ಭಾನುವಾರ ನೀವು ಪಕ್ಕದಲ್ಲಿ ನಿಂತು, ಸುಣ್ಣ ನೀವೇ ಹಾಕಿ, ಮಗುವಿನ ಕೈಗೆ ಅರ್ಧ ನಿಂಬೆಹಣ್ಣು ಕೊಡಿ. ಆ ಕೆಂಪು ನೀರಿಗೆ ಹಿಂಡಿದರೆ ಏನಾಗುತ್ತೆ ಅಂತ ಕೇಳಿ. ನೀವು ಉತ್ತರ ಹೇಳಬೇಡಿ. ಗೂಗಲ್ ಮಾಡಬೇಡ ಅನ್ನಿ. ಮಗು ಹಿಂಡಿ ನೋಡಲಿ. ‘ಯಾಕೆ?’ ಅಂತ ಅದು ತಿರುಗಿ ಕೇಳಿದರೆ, ನಿಮ್ಮ ಮನೆಯಲ್ಲಿ ಕೆಮಿಸ್ಟ್ರಿ ಶುರುವಾಯಿತು ಅಂತ ಲೆಕ್ಕ. ಅದು ಮುಂದೆ ಬಿಎಸ್ಸಿಗೆ ಹೋಗುತ್ತೋ, ಎಂಜಿನಿಯರಿಂಗ್‌ಗೆ ಹೋಗುತ್ತೋ, ಆಮೇಲಿನ ಮಾತು. ಆ ‘ಯಾಕೆ’ಗೆ ಸುಮ್ಮನಿರು ಅಂತ ಮಾತ್ರ ಹೇಳಬೇಡಿ.